ತಣ್ಣಗಿದ್ದಾಗ ಹಗುರ, ಬಿಸಿಯಾದರೆ ಕಲ್ಲು: ಹಳೆಯ ಪಿಕಪ್‌ನ ಪವರ್ ಸ್ಟೀರಿಂಗ್‌ಗೆ ಏನಾಗಿದೆ?

ಎರಿಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1994ರ ಮಹೀಂದ್ರಾ ಜೀಪ್ ಪಿಕಪ್ ಇದೆ. ಅಪ್ಪ ಕೊಂಡ ಮೊದಲ ಗಾಡಿ. ಟು ವೀಲ್ ಡ್ರೈವ್, 2523 ಸಿಸಿ ಡಿಐ ಎಂಜಿನ್, ಮುಂದೆಯೂ ಹಿಂದೆಯೂ ಪಾಟಾ (ಪಟ್ಟಿ ಸ್ಪ್ರಿಂಗ್). ತೊಗರಿ ಚೀಲ, ಗೊಬ್ಬರ, ಮೇವು ಎಲ್ಲಾ ಹೊತ್ತು ಈಗಲೂ ಗಟ್ಟಿಯಾಗಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಲ ಭುಜ ಮೇಲೆತ್ತಲು ಆಗುವುದಿಲ್ಲ. ಆದರೂ ಹೊಲಕ್ಕೆ ಹೋಗಬೇಕಾದರೆ ಅದೇ ಗಾಡಿ ಬೇಕು, ತಾನೇ ಓಡಿಸಬೇಕು. ಅದಕ್ಕೇ ಎಂಟು ತಿಂಗಳ ಹಿಂದೆ ಪವರ್ ಸ್ಟೀರಿಂಗ್ ಹಾಕಿಸಿದೆ.

ಹಾಕಿಸಿದ್ದು ಇಷ್ಟು: ಹಳೆಯ ಬೊಲೆರೊದಿಂದ ತೆಗೆದ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುವನ್ನು ಚಕ್ರದ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆ), ಅದರದ್ದೇ ಪಂಪ್, ಎಣ್ಣೆ ಡಬ್ಬಿ. ಅದಕ್ಕೂ ಮೊದಲೇ 6.00-16 ಟೈರ್ ತೆಗೆದು 235/75 ಆರ್15 ಹಾಕಿಸಿದ್ದೆ. ಟೈರ್ ತಗುಲಬಾರದು ಅಂತ ಮುಂದಿನ ಶ್ಯಾಕಲ್ (ಪಾಟಾದ ತುದಿಯನ್ನು ಗಾಡಿಯ ಚೌಕಟ್ಟಿಗೆ ಹಿಡಿಯುವ ಕೊಂಡಿ) ಎರಡು ಇಂಚು ಉದ್ದ ಮಾಡಿಸಿದ್ದೇನೆ.

ಈಗ ತೊಂದರೆ ಏನೆಂದರೆ, ಬೆಳಿಗ್ಗೆ ಗಾಡಿ ಹೂವಿನಷ್ಟು ಹಗುರ. ಅಪ್ಪ ಒಂದೇ ಕೈಯಲ್ಲಿ ತಿರುಗಿಸುತ್ತಾರೆ. ಜೇವರ್ಗಿ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಮುಗಿಯಿತು. ಪಂಪ್ ಗುಂಯ್ ಅಂತ ಅಳಲು ಶುರು ಮಾಡುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಎಡಕ್ಕೆ ತಿರುಗಿಸುವಾಗ ಇನ್ನೂ ಜಾಸ್ತಿ ಬಿಗಿ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ನಾವೇ ಎಳೆದು ತರಬೇಕು.

ಪಂಪ್ ಒಮ್ಮೆ ಬದಲಿಸಿದ್ದೇವೆ. ವ್ಯತ್ಯಾಸ ಇಲ್ಲ. ಈಗ ಇನ್ನೊಬ್ಬ ಮಿಸ್ತ್ರಿ ಬಾಕ್ಸ್ ಬದಲಿಸೋಣ, ಹದಿನಾಲ್ಕು ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ. ಕೊಡುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.

ಭೀಮಾದಂಡೆ, ಜೇವರ್ಗಿ

ಬೆಲ್ಟ್ ನೋಡಿದ್ದೀರಾ? ನನ್ನ ಗಾಡಿಯಲ್ಲಿ ಬರೀ ಬೆಲ್ಟ್ ಸಡಿಲ ಇತ್ತು.

ಎರಿಹೊಲ, ಕಲಬುರಗಿ

ಬೆಲ್ಟ್ ಹೊಸದು. ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚೂ ಇಳಿಯುವುದಿಲ್ಲ. ಕಿರ್ ಅನ್ನುವ ಸದ್ದಲ್ಲ ಇದು, ಗುಂಯ್ ಅನ್ನುವ ಸದ್ದು.

ಹಳೇಗಾಡಿ, ಬೀದರ್

ಬಿಸಿಯಾದಾಗ ಬಿಗಿ ಆಗುತ್ತದೆ ಅಂದರೆ ಪಂಪ್ ಸವೆದಿದೆ ಅಂತಲೇ ಅರ್ಥ. ಎಣ್ಣೆ ಬಿಸಿಯಾದರೆ ತೆಳುವಾಗುತ್ತದೆ. ಸವೆದ ಪಂಪ್ ಒಳಗೇ ಸೋರುತ್ತದೆ, ಒತ್ತಡ ಕಟ್ಟುವುದಿಲ್ಲ. ಬದಲಿಸಿದ ಪಂಪ್ ಹೊಸದೋ, ಅದೂ ಗುಜರಿಯದೋ? ಗುಜರಿಯಿಂದ ತಂದಿದ್ದರೆ ಒಂದು ಸವೆದದ್ದನ್ನು ತೆಗೆದು ಇನ್ನೊಂದು ಸವೆದದ್ದನ್ನು ಹಾಕಿದಂತೆ.

ಎರಿಹೊಲ, ಕಲಬುರಗಿ

ಎರಡನೆಯದು ಹೊಸ ಪಂಪ್. ಅದರ ಪ್ಯಾಕಿಂಗ್ ಒಡೆದಿದ್ದು ನನ್ನ ಕಣ್ಣೆದುರೇ.

ಪಾನಾಪೆಟ್ಟಿಗೆ, ಹುಮನಾಬಾದ್

ಸ್ವಲ್ಪ ತಡೆಯಿರಿ. ಇಲ್ಲಿ ಒಂದಲ್ಲ, ಎರಡು ಮೂರು ತೊಂದರೆ ಸೇರಿಕೊಂಡಿವೆ. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರೆ ಯಾವುದೂ ಸಿಗುವುದಿಲ್ಲ.

ಪಂಪ್ ಕೆಟ್ಟರೆ ಎರಡೂ ಕಡೆ ಒಂದೇ ಸಮ ಬಿಗಿ ಆಗಬೇಕು. ಪಂಪ್‌ಗೆ ಎಡ ಬಲ ಗೊತ್ತಿಲ್ಲ. ಒಂದು ಕಡೆ ಮಾತ್ರ ಜಾಸ್ತಿ ಬಿಗಿ ಅಂದರೆ ಬಾಕ್ಸ್ ಒಳಗಿನ ವಾಲ್ವ್ ಆಗಿರಬಹುದು, ಇಲ್ಲಾ ಬಾಕ್ಸ್‌ಗೆ ಮೇಲೆ ಜೋಡಿಸಿದ ರಾಡ್ ಆಗಿರಬಹುದು. ಇನ್ನು ಸ್ಟೀರಿಂಗ್ ವಾಪಸ್ ಬರುವುದಿಲ್ಲ ಅನ್ನುವುದು ಬೇರೆಯೇ ಕಥೆ. ಅದಕ್ಕೆ ಎಣ್ಣೆಯ ಸಂಬಂಧ ಕಡಿಮೆ, ಚಕ್ರ ನಿಂತಿರುವ ಓರೆಯ ಸಂಬಂಧ ಜಾಸ್ತಿ.

ಮೊದಲು ಒಂದು ಕೆಲಸ ಮಾಡಿ. ಗಾಡಿ ಬಿಸಿಯಾಗಿ ಪಂಪ್ ಅಳುವಾಗ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಕಂಡದ್ದನ್ನು ಇಲ್ಲಿ ಬರೆಯಿರಿ.

ಡೀಸೆಲ್‌ಅಜ್ಜ, ಶಹಾಬಾದ್

ನಾನು ಮೂವತ್ತು ವರ್ಷ ಇದೇ ಜಾತಿಯ ಜೀಪ್ ಓಡಿಸಿದ್ದೇನೆ. ಕಲ್ಲಿನ ಗಣಿಗೆ ದಿನಾ ಹೋಗಿ ಬರುತ್ತಿದ್ದೆ. ಪವರ್ ಸ್ಟೀರಿಂಗ್ ಅನ್ನುವ ಹೆಸರೇ ಗೊತ್ತಿರಲಿಲ್ಲ. 6.00-16 ಟೈರ್ ತೆಳ್ಳಗಿರುತ್ತದೆ, ನೆಲ ಕಡಿಮೆ ಹಿಡಿಯುತ್ತದೆ, ಅದಕ್ಕೇ ಕೈಯಲ್ಲಿ ತಿರುಗುತ್ತಿತ್ತು. ನೀವು ಅಗಲ ಟೈರ್ ಹಾಕಿದ್ದೇ ಮೊದಲ ತಪ್ಪು. ಹಳೆಯ ಟೈರ್ ಹಾಕಿ, ಹಳೆಯ ಬಾಕ್ಸ್ ಕೂಡಿಸಿ. ಅಪ್ಪನಿಗೂ ಅದೇ ಅಭ್ಯಾಸ.

ಸುರಪುರ ಸವಾರ, ಯಾದಗಿರಿ

ಅಜ್ಜಾರೇ, ಅವರ ತಂದೆಯ ಭುಜ ಎತ್ತಲು ಬರುವುದಿಲ್ಲ ಎಂದು ಬರೆದಿದ್ದಾರಲ್ಲ. ಹಳೆಯ ಬಾಕ್ಸ್ ಕೂಡಿಸಿದರೆ ಅವರು ಓಡಿಸುವುದು ಹೇಗೆ?

ಡೀಸೆಲ್‌ಅಜ್ಜ, ಶಹಾಬಾದ್

ಅದು ಸರಿ. ಭುಜದ ಮಾತು ನಾನು ಗಮನಿಸಲಿಲ್ಲ. ಪವರ್ ಇರಲಿ ಬಿಡಿ. ಆದರೆ ಟೈರ್ ಗಾಳಿ ನೋಡಿ. ಅಗಲ ಟೈರ್‌ನಲ್ಲಿ 30 ಪಿಎಸ್‌ಐಗಿಂತ ಕೆಳಗೆ ಇಳಿದರೆ ಎಂಥಾ ಪಂಪ್ ಇದ್ದರೂ ಒದ್ದಾಡುತ್ತದೆ.

ಎರಿಹೊಲ, ಕಲಬುರಗಿ

ಪಾನಾಪೆಟ್ಟಿಗೆ ಅವರೇ, ನೀವು ಹೇಳಿದಂತೆ ಇವತ್ತು ಮಧ್ಯಾಹ್ನ ಮಾಡಿದೆ. ಫರಹತಾಬಾದ್ ತನಕ ಹೋಗಿ ವಾಪಸ್ ಬರುವಾಗ ಸದ್ದು ಶುರುವಾಯಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಮುಚ್ಚಳ ತೆಗೆದೆ. ಎಣ್ಣೆ ಬೆಳಿಗ್ಗೆ ಸ್ವಚ್ಛ ಕೆಂಪು ಇತ್ತು. ಈಗ ನೋಡಿದರೆ ಗುಲಾಬಿ ಬಣ್ಣದ ಮಜ್ಜಿಗೆ ಥರ ನೊರೆ. ಡಬ್ಬಿಯ ಬಾಯಿ ತನಕ ಉಬ್ಬಿತ್ತು. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ನೊರೆ ಇಳಿದು ಮತ್ತೆ ಕೆಂಪಾಯಿತು.

ಒಂದು ಹನಿಯೂ ಹೊರಗೆ ಸೋರಿಲ್ಲ. ಕೆಳಗೆ ರಟ್ಟು ಹಾಸಿ ನೋಡಿದ್ದೇನೆ. ಹಾಗಾದರೆ ಗಾಳಿ ಎಲ್ಲಿಂದ ಬರುತ್ತಿದೆ?

ಪಾನಾಪೆಟ್ಟಿಗೆ, ಹುಮನಾಬಾದ್

ಅದನ್ನೇ ನಾನು ಕಾಯುತ್ತಿದ್ದೆ. ನೊರೆ ಅಂದರೆ ಗಾಳಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪಂಪ್ ಎಷ್ಟು ಒತ್ತಿದರೂ ನೊರೆ ಕುಗ್ಗುತ್ತಾ ಹೋಗುತ್ತದೆ, ಬಾಕ್ಸ್‌ಗೆ ಬಲ ಮುಟ್ಟುವುದಿಲ್ಲ. ಆ ಗುಂಯ್ ಸದ್ದು ಪಂಪ್ ಒಳಗೆ ಗುಳ್ಳೆ ಒಡೆಯುವ ಸದ್ದು.

ಸೋರಿಕೆ ಇಲ್ಲ ಅಂತ ನೆಮ್ಮದಿ ಪಡಬೇಡಿ. ಡಬ್ಬಿಯಿಂದ ಪಂಪ್‌ಗೆ ಬರುವ ದಪ್ಪ ಪೈಪ್ ಇದೆಯಲ್ಲ, ಅದು ಎಣ್ಣೆಯನ್ನು ಎಳೆಯುವ ಪೈಪ್. ಪಂಪ್ ಜೋರಾಗಿ ಎಳೆಯುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗಬಹುದು. ಅಲ್ಲಿ ಕ್ಲಿಪ್ ಸಡಿಲ ಇದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಒಣಗಿಯೇ ಇರುತ್ತದೆ. ಎಷ್ಟೋ ಪಂಪ್‌ಗಳು ಈ ಒಂದು ಪೈಪಿನ ತಪ್ಪಿಗೆ ಗುಜರಿಗೆ ಹೋಗಿವೆ.

ಆ ಪೈಪ್ ಯಾವುದು ಹಾಕಿದ್ದಾರೆ? ಮೇಲೆ ಏನಾದರೂ ಬರೆದಿದೆಯಾ?

ಹಳೇಗಾಡಿ, ಬೀದರ್

ನೊರೆ ಇದೆ ಅಂತಾದರೆ ನನ್ನ ಮಾತು ವಾಪಸ್. ಪಂಪ್ ಅಲ್ಲ.

ಎರಿಹೊಲ, ಕಲಬುರಗಿ

ಕಪ್ಪು ಪೈಪ್, ಮೇಲೆ ಏನೂ ಬರೆದಿಲ್ಲ. ಮೊದಲು ಕೆಲಸ ಮಾಡಿದವರು ಅಂಗಡಿಯಲ್ಲಿ ಮೂಲೆಯಲ್ಲಿದ್ದ ತುಂಡು ಕತ್ತರಿಸಿ ಹಾಕಿದ್ದು ನೆನಪಿದೆ. ರೇಡಿಯೇಟರ್ ಹೀಟರ್ ಪೈಪ್ ಇರಬೇಕು. ಸೈಲೆನ್ಸರ್ ಪೈಪಿನಿಂದ ನಾಲ್ಕು ಬೆರಳು ದೂರದಲ್ಲಿ ಹಾದು ಹೋಗುತ್ತದೆ.

ಲೇತ್‌ಕೆಲಸ, ಕಪನೂರ

ನೀರಿನ ಪೈಪ್ ಆಗಿದ್ದರೆ ಕಾರಣ ಅಲ್ಲೇ ಇದೆ. ರೇಡಿಯೇಟರ್ ಪೈಪಿನ ರಬ್ಬರ್ ನೀರಿಗೆ, ಬಿಸಿಗೆ ಚೆನ್ನಾಗಿ ತಡೆಯುತ್ತದೆ. ಎಣ್ಣೆಗೆ ತಡೆಯುವುದಿಲ್ಲ. ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ. ತಣ್ಣಗಿದ್ದಾಗ ಸ್ವಲ್ಪ ಗಟ್ಟಿ ಇರುತ್ತದೆ, ಬಿಸಿಯಾದರೆ ಪಂಪ್ ಎಳೆತಕ್ಕೆ ಒಳಗೇ ಚಪ್ಪಟೆ ಆಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 43, 44 ಡಿಗ್ರಿ. ಬಾನೆಟ್ ಒಳಗೆ ಇನ್ನೆಷ್ಟು ಇರಬೇಡ! ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರ್ ಪೈಪ್ ಕೇಳಿ ತೆಗೆದುಕೊಳ್ಳಿ. ಹೈಡ್ರಾಲಿಕ್ ಪೈಪ್ ಒತ್ತುವ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಪೈಪ್ ತೆಗೆದ ಮೇಲೆ ಬಿಸಾಡಬೇಡಿ, ಉದ್ದಕ್ಕೆ ಸೀಳಿ ನೋಡಿ.

ಭೀಮಾದಂಡೆ, ಜೇವರ್ಗಿ

ನನ್ನದೊಂದು ಅನುಭವ. ತೊಗರಿ ರಾಶಿ ಸಮಯದಲ್ಲಿ ನಮ್ಮ ಹುಡುಗ ಪವರ್ ಸ್ಟೀರಿಂಗ್ ಎಣ್ಣೆ ಕಡಿಮೆ ಇದೆ ಅಂತ ಬ್ರೇಕ್ ಆಯಿಲ್ ಸುರಿದುಬಿಟ್ಟ. ಎರಡೂ ಎಣ್ಣೆ ತಾನೇ ಅಂದುಕೊಂಡ. ಹದಿನೈದು ದಿನದಲ್ಲಿ ಬಾಕ್ಸ್‌ನ ಸೀಲ್ ಎಲ್ಲಾ ಉಬ್ಬಿ ಹರಿದವು. ಎಲ್ಲಾ ಕಡೆಯಿಂದ ಸೋರಿಕೆ. ನಿಮ್ಮ ಡಬ್ಬಿಗೆ ಯಾರಾದರೂ ಹಾಗೇನಾದರೂ ಹಾಕಿದ್ದಾರಾ ಕೇಳಿ.

ಲೇತ್‌ಕೆಲಸ, ಕಪನೂರ

ಇದು ಅದರ ಉಲ್ಟಾ ನೋಡಿ. ನೀರಿನ ಪೈಪಿಗೆ ಪವರ್ ಸ್ಟೀರಿಂಗ್ ಎಣ್ಣೆ ಆಗುವುದಿಲ್ಲ, ಪವರ್ ಸ್ಟೀರಿಂಗ್ ಸೀಲಿಗೆ ಬ್ರೇಕ್ ಆಯಿಲ್ ಆಗುವುದಿಲ್ಲ. ರಬ್ಬರ್ ಎಲ್ಲಾ ಕಪ್ಪಾಗಿ ಒಂದೇ ಥರ ಕಾಣುತ್ತದೆ. ಅಲ್ಲೇ ಎಲ್ಲರೂ ಎಡವುವುದು. ಪವರ್ ಸ್ಟೀರಿಂಗ್‌ಗೆ ಡೆಕ್ಸ್ರಾನ್ ಅಂತ ಬರೆದಿರುವ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್ ಎಣ್ಣೆ) ಹಾಕಿ, ಬೇರೆ ಯಾವುದನ್ನೂ ಬೆರೆಸಬೇಡಿ.

ಸಹಿಮುದ್ರೆ, ಕಲಬುರಗಿ

ತಾಂತ್ರಿಕ ಮಾತಿನ ನಡುವೆ ಒಂದು ವಿಷಯ. ಬಾಕ್ಸ್ ಬದಲಿಸಿದ್ದೀರಿ, ಟೈರ್ ಬದಲಿಸಿದ್ದೀರಿ, ಶ್ಯಾಕಲ್ ಉದ್ದ ಮಾಡಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪವನ್ನು ಹೀಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿ ಹೇಳಿದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸುವಾಗ ತೊಂದರೆ ಆಗಬಹುದು. ಅದಕ್ಕಿಂತ ದೊಡ್ಡದು ವಿಮೆ. ಏನಾದರೂ ಅನಾಹುತ ಆದರೆ ವಿಮೆಯವರು ಮೊದಲು ನೋಡುವುದೇ ಇದನ್ನು.

ಸುರಪುರ ಸವಾರ, ಯಾದಗಿರಿ

ಅವರು ಕೇಳಿದ್ದು ಸ್ಟೀರಿಂಗ್ ಬಿಗಿ ಯಾಕೆ ಅಂತ. ಕಲಬುರಗಿಯ ಕೆಎ-32 ನಂಬರಿನ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅರ್ಧಕ್ಕರ್ಧ ಜೀಪ್‌ಗಳಲ್ಲಿ ಏನೋ ಒಂದು ಬದಲಾಗಿರುತ್ತದೆ.

ಸಹಿಮುದ್ರೆ, ಕಲಬುರಗಿ

ಎಲ್ಲರೂ ಮಾಡುತ್ತಾರೆ ಅಂದಮಾತ್ರಕ್ಕೆ ಸರಿ ಆಗುವುದಿಲ್ಲ ಅಲ್ವಾ? ನಾನು ಅವರನ್ನು ಹೆದರಿಸುತ್ತಿಲ್ಲ. ಎಪ್ಪತ್ತು ದಾಟಿದವರು ಓಡಿಸುವ ಗಾಡಿ. ಕಾಗದದ ಮಾತು ಗೊತ್ತಿರಲಿ ಅಂತ ಹೇಳಿದೆ.

ಎರಿಹೊಲ, ಕಲಬುರಗಿ

ಹೇಳಿದ್ದು ಒಳ್ಳೆಯದಾಯಿತು. ಆರ್‌ಟಿಒ ಕಚೇರಿಗೆ ಹೋಗಿ ಕೇಳುತ್ತೇನೆ, ಟೈರ್ ಬಗ್ಗೆಯೂ ಯೋಚಿಸುತ್ತೇನೆ.

ಪಾನಾಪೆಟ್ಟಿಗೆ, ಹುಮನಾಬಾದ್

ಸರಿ, ಈಗ ಎಡಕ್ಕೆ ಬಿಗಿ ಅನ್ನುವ ವಿಷಯಕ್ಕೆ ಬರೋಣ. ಒಂದು ಪರೀಕ್ಷೆ ಇದೆ, ಕಾಸು ಖರ್ಚಿಲ್ಲ. ಮುಂದಿನ ಎರಡೂ ಚಕ್ರ ಮೇಲೆತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಆಮೇಲೆ ಬಾಕ್ಸ್‌ನ ಡ್ರಾಪ್ ಆರ್ಮ್‌ನಿಂದ ಚಕ್ರದ ಕಡೆಗೆ ಹೋಗುವ ರಾಡ್, ಅಂದರೆ ಡ್ರ್ಯಾಗ್ ಲಿಂಕ್, ಬಿಚ್ಚಿ. ಈಗ ಚಕ್ರ ಬೇರೆ, ಸ್ಟೀರಿಂಗ್ ಬೇರೆ.

ಚಕ್ರವನ್ನು ಕೈಯಿಂದ ಎಡ ಬಲ ತಿರುಗಿಸಿ. ಸಲೀಸಾಗಿ ಹೋಗಬೇಕು. ಬಿಗಿ ಇದ್ದರೆ ತೊಂದರೆ ಕಿಂಗ್ ಪಿನ್‌ನಲ್ಲಿ, ಅಂದರೆ ಚಕ್ರ ಎಡ ಬಲ ತಿರುಗುವ ಗೂಟದಲ್ಲಿ. ಆಮೇಲೆ ಎಂಜಿನ್ ಆಫ್ ಇಟ್ಟು ಸ್ಟೀರಿಂಗ್ ತಿರುಗಿಸಿ. ಒಂದೇ ಸಮ ಭಾರ ಇರಬೇಕು. ಎಲ್ಲಾದರೂ ಹಿಡಿದು ಬಿಡುತ್ತಿದೆಯಾ, ಒಂದು ಸುತ್ತಿಗೆ ಎಷ್ಟು ಸಲ ಹಿಡಿಯುತ್ತದೆ, ಎಣಿಸಿ. ಎಣಿಕೆ ಮುಖ್ಯ.

ಟೈರ್‌ಬಂಡಿ, ಆಳಂದ

ಮತ್ತೆ ಡ್ರ್ಯಾಗ್ ಲಿಂಕ್ ಬಿಚ್ಚಿದಾಗ ಅದರ ಉದ್ದ ಹೇಗೆ ಹೊಂದಿಸಿದ್ದಾರೆ ನೋಡಿ. ಬಾಕ್ಸ್ ಬದಲಾದರೆ ಹಳೆಯ ಲಿಂಕ್ ಸಾಲುವುದಿಲ್ಲ. ನಾವು ನಡುವೆ ಕತ್ತರಿಸಿ ತುಂಡು ಸೇರಿಸಿ ವೆಲ್ಡ್ ಮಾಡಿಬಿಡುತ್ತೇವೆ. ಚೆನ್ನಾಗಿ ವೆಲ್ಡ್ ಮಾಡಿದರೆ ಏನೂ ಆಗುವುದಿಲ್ಲ.

ಲೇತ್‌ಕೆಲಸ, ಕಪನೂರ

ದಯವಿಟ್ಟು ಹೀಗೆ ಹೇಳಬೇಡಿ. ನಾನು ಇಪ್ಪತ್ತೆರಡು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ಟ್ರಾಲಿ ಮಾಡುತ್ತೇನೆ, ಕುಂಟೆ ಮಾಡುತ್ತೇನೆ. ಸ್ಟೀರಿಂಗ್‌ನ ಲಿಂಕ್ ತಂದರೆ ಮುಟ್ಟುವುದಿಲ್ಲ. ವೆಲ್ಡ್ ಆದ ಜಾಗದ ಪಕ್ಕದಲ್ಲಿ ಕಬ್ಬಿಣದ ಗುಣವೇ ಬದಲಾಗುತ್ತದೆ. ದಿನಾ ಎಳೆದು ತಳ್ಳಿ ಎಳೆದು ತಳ್ಳಿ ಒಂದು ದಿನ ಕೂದಲಿನಷ್ಟು ಬಿರುಕು ಬಿಡುತ್ತದೆ. ಮೇಲೆ ಪೇಂಟ್ ಇರುವುದರಿಂದ ಕಾಣುವುದಿಲ್ಲ.

ಟೈರ್‌ಬಂಡಿ, ಆಳಂದ

ನಮ್ಮ ಕಡೆ ಹತ್ತು ವರ್ಷದಿಂದ ಓಡುತ್ತಿವೆ. ಒಂದೂ ಮುರಿದಿಲ್ಲ.

ಹಳೇಗಾಡಿ, ಬೀದರ್

ನನ್ನ ತಮ್ಮನದು ಮುರಿದಿದೆ. ಬಸವಕಲ್ಯಾಣದಿಂದ ಬರುವಾಗ, ಹೆದ್ದಾರಿ ಬಿಟ್ಟು ಊರ ದಾರಿಗೆ ತಿರುಗಿದ ಕೂಡಲೇ. ನಿಧಾನ ಇದ್ದ, ಅದಕ್ಕೇ ಉಳಿದ. ಸ್ಟೀರಿಂಗ್ ಕೈಯಲ್ಲಿ ಗಿರಗಿರ ತಿರುಗುತ್ತಿದೆ, ಗಾಡಿ ಮಾತ್ರ ನೇರ ಹೊಲಕ್ಕೆ ನುಗ್ಗಿತು. ಮುರಿದ ಲಿಂಕ್ ಎತ್ತಿ ನೋಡಿದೆ. ಮುರಿದ ಬಾಯಿಯಲ್ಲಿ ಮುಕ್ಕಾಲು ಭಾಗ ಕಂದು ತುಕ್ಕು, ಕಾಲು ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಎಷ್ಟು ತಿಂಗಳಿಂದ ಆ ಕಾಲು ಭಾಗದ ಮೇಲೆ ಅವನು ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದಾನೆ, ಯೋಚಿಸಿ.

ಟೈರ್‌ಬಂಡಿ, ಆಳಂದ

ಮಕ್ಕಳ ಮಾತು ಓದಿ ಕೈ ತಣ್ಣಗಾಯಿತು. ನಮ್ಮಲ್ಲಿ ಹಾಗೆ ಮಾಡಿಸಿಕೊಂಡ ಮೂರು ಗಾಡಿಗಳು ಗೊತ್ತಿವೆ. ಕರೆಸಿ ನೋಡುತ್ತೇನೆ. ವೆಲ್ಡ್ ಬೇಡವಾದರೆ ಬೇರೆ ದಾರಿ ಏನು?

ಲೇತ್‌ಕೆಲಸ, ಕಪನೂರ

ಎರಡೂ ತುದಿಯಲ್ಲಿ ಚೂಡಿ (ಸ್ಕ್ರೂ ಎಳೆ) ಇರುವ, ಅಳತೆಗೆ ಸರಿಯಾದ ಲಿಂಕ್ ಹುಡುಕಬೇಕು. ದೊಡ್ಡ ಗಾಡಿಯ ಲಿಂಕ್‌ಗಳಲ್ಲಿ ಬೇರೆ ಬೇರೆ ಉದ್ದ ಸಿಗುತ್ತವೆ. ಚೂಡಿ ಸಾಕಷ್ಟು ಒಳಗೆ ಕೂತಿರಬೇಕು, ಕ್ಲಾಂಪ್ ಬಿಗಿ ಇರಬೇಕು. ನಟ್‌ಗೆ ಸ್ಪ್ಲಿಟ್ ಪಿನ್ ಹಾಕುವುದನ್ನು ಮರೆಯಬಾರದು. ಪಿನ್ ಬದಲಿಗೆ ತಂತಿ ಸುತ್ತಿದ್ದನ್ನೂ ನೋಡಿದ್ದೇನೆ.

ಎರಿಹೊಲ, ಕಲಬುರಗಿ

ಭಾನುವಾರ ಇಡೀ ದಿನ ಗಾಡಿ ಕೆಳಗೇ ಇದ್ದೆ. ಒಂದೊಂದಾಗಿ ಬರೆಯುತ್ತೇನೆ.

ಡ್ರ್ಯಾಗ್ ಲಿಂಕ್ ವೆಲ್ಡ್ ಆಗಿಲ್ಲ. ಅದನ್ನು ಮೊದಲು ನೋಡಿದೆ. ಚೂಡಿಯ ಲಿಂಕ್, ಪಿನ್‌ಗಳೂ ಸರಿ ಇವೆ. ಲೇತ್‌ಕೆಲಸ ಅವರ ಮಾತು ಓದಿದಾಗಿನಿಂದ ರಾತ್ರಿ ನಿದ್ದೆ ಸರಿ ಬಂದಿರಲಿಲ್ಲ.

ಎಳೆಯುವ ಪೈಪ್ ತೆಗೆದು ಬ್ಲೇಡಿನಿಂದ ಸೀಳಿದೆ. ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಬೆಂದ ಬದನೆಕಾಯಿ ಥರ ಒಳಗೆ ಹೋಗುತ್ತಿತ್ತು. ಒಳಗಿನ ಪದರ ಬಿಟ್ಟುಕೊಂಡು ಹೆಬ್ಬೆರಳಿನಷ್ಟು ಉದ್ದದ ನಾಲಿಗೆಯಂತೆ ಜೋತಾಡುತ್ತಿತ್ತು. ಎಣ್ಣೆ ಎಳೆದಾಗ ಆ ನಾಲಿಗೆ ಎದ್ದು ದಾರಿ ಮುಚ್ಚುತ್ತಿತ್ತು ಅನ್ನಿಸುತ್ತದೆ. ಪಂಪ್ ಕಡೆಯ ಕ್ಲಿಪ್ ಕೈಯಲ್ಲೇ ತಿರುಗುತ್ತಿತ್ತು. ಇದಕ್ಕಾಗಿ ಒಂದು ಹೊಸ ಪಂಪಿನ ದುಡ್ಡು ಕೊಟ್ಟಿದ್ದೇನೆ.

ಚಕ್ರ ಕೈಯಿಂದ ತಿರುಗಿಸಿದೆ. ಎಡ ಚಕ್ರದ ಕಡೆ ಸಲೀಸು ಅನ್ನಿಸಿತು, ಬಲಗಡೆ ಎಲ್ಲೋ ಹಿಡಿಯುತ್ತಿತ್ತು. ನಡುವಿನ ಟೈ ರಾಡ್ ಬಿಚ್ಚಿದ ಮೇಲೆ ಖಾತ್ರಿ ಆಯಿತು. ಬಲಗಡೆ ಕಿಂಗ್ ಪಿನ್ ಪೂರ್ತಿ ಒಣಗಿದೆ. ಗ್ರೀಸ್ ನಿಪ್ಪಲ್ ಮೇಲೆ ಎರಿ ಮಣ್ಣು ಸಿಮೆಂಟಿನ ಹಾಗೆ ಕೂತಿತ್ತು. ಗನ್ ಹಾಕಿದರೆ ಗ್ರೀಸ್ ಒಳಗೆ ಹೋಗುವುದೇ ಇಲ್ಲ.

ಸ್ಟೀರಿಂಗ್ ತಿರುಗಿಸಿ ಎಣಿಸಿದೆ. ಒಂದು ಸುತ್ತಿಗೆ ಸರಿಯಾಗಿ ಎರಡು ಸಲ ಹಿಡಿದು ಬಿಡುತ್ತದೆ. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ. ಎಡಕ್ಕೆ ಮಾತ್ರ ಬಿಗಿ ಅಂತ ನಾನು ಬರೆದದ್ದು ತಪ್ಪು. ನಮ್ಮ ಓಣಿಯಿಂದ ಹೊರಡುವಾಗ ಎಡಕ್ಕೆ ತಿರುಗುವ ಜಾಗದಲ್ಲೇ ಆ ಹಿಡಿತ ಸಿಗುತ್ತಿತ್ತು. ಅದಕ್ಕೇ ಹಾಗನ್ನಿಸಿದೆ.

ಪಾನಾಪೆಟ್ಟಿಗೆ, ಹುಮನಾಬಾದ್

ತುಂಬಾ ಚೆನ್ನಾಗಿ ನೋಡಿದ್ದೀರಿ. ಒಂದು ಸುತ್ತಿಗೆ ಎರಡು ಹಿಡಿತ ಅಂದರೆ ಯುನಿವರ್ಸಲ್ ಜಾಯಿಂಟ್, ಸ್ಟೀರಿಂಗ್ ರಾಡ್ ಓರೆಯಾಗಿ ತಿರುಗಲು ಇರುವ ಕೀಲು. ಬಾಕ್ಸ್‌ನ ವಾಲ್ವ್ ಹೀಗೆ ಮಾಡುವುದಿಲ್ಲ.

ಸ್ಟೀರಿಂಗ್ ರಾಡ್‌ನಲ್ಲಿ ಎರಡು ಜಾಯಿಂಟ್ ಇರಬೇಕು ಅಲ್ವಾ? ಓರೆಯಾಗಿ ತಿರುಗುವ ಜಾಯಿಂಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಎರಡು ಜಾಯಿಂಟ್‌ನ ಓರೆ ಒಂದೇ ಆಗಿದ್ದು, ನಡುವಿನ ರಾಡ್‌ನ ಎರಡೂ ತುದಿಯ ಕವೆಗಳು ಒಂದೇ ಸಾಲಿನಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಸರಿ ಮಾಡುತ್ತದೆ. ಕಾಲು ಸುತ್ತು ತಪ್ಪಿ ಕೂಡಿಸಿದರೆ ಎರಡೂ ತಪ್ಪು ಕೂಡಿಕೊಂಡು ದುಪ್ಪಟ್ಟಾಗುತ್ತದೆ. ರಾಡ್ ಪಕ್ಕದಲ್ಲಿ ಕೂತು ಕಣ್ಣಳತೆಯಲ್ಲೇ ನೋಡಬಹುದು.

ಎರಿಹೊಲ, ಕಲಬುರಗಿ

ಈಗಲೇ ಹೋಗಿ ನೋಡಿ ಬಂದೆ. ಮೇಲಿನ ಕವೆ ನೆಟ್ಟಗಿದ್ದರೆ ಕೆಳಗಿನದು ಅಡ್ಡ ಇದೆ. ನೀವು ಹೇಳಿದ ಕಾಲು ಸುತ್ತು. ಕೆಳಗಿನ ಜಾಯಿಂಟ್ ತುಕ್ಕು ಹಿಡಿದು ಒಂದು ದಿಕ್ಕಿಗೆ ಬಿಗಿಯೂ ಆಗಿದೆ.

ಡೀಸೆಲ್‌ಅಜ್ಜ, ಶಹಾಬಾದ್

ಕಿಂಗ್ ಪಿನ್ ವಿಷಯಕ್ಕೆ ನಾನೊಂದು ಹೇಳುತ್ತೇನೆ, ಇದು ನನ್ನ ಕಾಲದ್ದೇ. ನಿಪ್ಪಲ್ ಬಿಚ್ಚಿ ಹೊಸದು ಹಾಕಿ. ತೂತಿನೊಳಗೆ ಡೀಸೆಲ್ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಆಕ್ಸಲ್ ಮೇಲೆತ್ತಿ ಚಕ್ರ ಗಾಳಿಯಲ್ಲಿ ತೂಗುವಾಗ ಗ್ರೀಸ್ ಹೊಡೆಯಿರಿ. ಗಾಡಿ ನೆಲದ ಮೇಲೆ ನಿಂತಿದ್ದರೆ ಭಾರವೆಲ್ಲ ಥ್ರಸ್ಟ್ ಬೇರಿಂಗ್ ಮೇಲೆ ಕೂತಿರುತ್ತದೆ, ಗ್ರೀಸ್ ಅಲ್ಲಿಗೆ ಹೋಗುವುದಿಲ್ಲ. ಒಬ್ಬರು ಗನ್ ಒತ್ತಬೇಕು, ಇನ್ನೊಬ್ಬರು ಚಕ್ರ ಎಡ ಬಲ ತಿರುಗಿಸುತ್ತಿರಬೇಕು. ಹಳೆಯ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ ಬಿಡಬೇಡಿ. ಮಳೆಗಾಲದಲ್ಲಿ ಎರಿ ಹೊಲಕ್ಕೆ ಇಳಿಯುವ ಗಾಡಿಗೆ ತಿಂಗಳಿಗೊಮ್ಮೆ ಇದು ಆಗಲೇಬೇಕು.

ಸುರಪುರ ಸವಾರ, ಯಾದಗಿರಿ

ಅಜ್ಜಾರೇ, ಇದು ನನಗೆ ಗೊತ್ತೇ ಇರಲಿಲ್ಲ. ನಾನು ಇಷ್ಟು ದಿನ ಗಾಡಿ ನೆಲದ ಮೇಲೇ ಇಟ್ಟು ಗ್ರೀಸ್ ಹೊಡೆಯುತ್ತಿದ್ದೆ.

ಹಳೇಗಾಡಿ, ಬೀದರ್

ಸ್ಟೀರಿಂಗ್ ವಾಪಸ್ ಬರದಿರುವುದಕ್ಕೆ ಬಾಕ್ಸ್ ಮೇಲಿನ ಸ್ಕ್ರೂ ಕೂಡ ನೋಡಿ. ಆಟ (ಸಡಿಲ) ಜಾಸ್ತಿ ಇದೆ ಅಂತ ಆ ಸ್ಕ್ರೂ ತಿರುಗಿಸುವ ಚಟ ಎಲ್ಲರಿಗೂ ಇದೆ. ಜಾಸ್ತಿ ಬಿಗಿ ಮಾಡಿದರೆ ನಡುವೆ ಬಂದಾಗ ಬಾಕ್ಸ್ ಹಿಡಿದುಕೊಳ್ಳುತ್ತದೆ.

ಪಾನಾಪೆಟ್ಟಿಗೆ, ಹುಮನಾಬಾದ್

ಹೌದು, ಆದರೆ ಮೊದಲು ಆ ಸ್ಕ್ರೂ ಮುಟ್ಟಬೇಡಿ. ಕಿಂಗ್ ಪಿನ್, ಜಾಯಿಂಟ್ ಸರಿ ಮಾಡಿ ಓಡಿಸಿ ನೋಡಿ.

ಅದಾದ ಮೇಲೂ ವಾಪಸ್ ಬರದಿದ್ದರೆ ಶ್ಯಾಕಲ್ ಕಾರಣ. ಈ ಜೀಪ್‌ಗಳಲ್ಲಿ ಶ್ಯಾಕಲ್ ಪಾಟಾದ ಮುಂದಿನ ತುದಿಯಲ್ಲಿರುತ್ತದೆ. ನಿಮ್ಮದೂ ಹಾಗೇ ಇದ್ದರೆ, ಅದನ್ನು ಉದ್ದ ಮಾಡಿದಾಗ ಪಾಟಾದ ಮೂಗು ಕೆಳಗೆ ಬಾಗುತ್ತದೆ. ಆಕ್ಸಲ್ ಕೂಡ ಅದರ ಜೊತೆ ಮುಂದಕ್ಕೆ ಹೊರಳುತ್ತದೆ. ಕಿಂಗ್ ಪಿನ್‌ನ ತಲೆ ಹಿಂದಕ್ಕೆ ವಾಲಿರಬೇಕು. ಹಳೆಯ ಜೀಪ್‌ಗಳಲ್ಲಿ ಸುಮಾರು 3 ಡಿಗ್ರಿ. ಅದನ್ನೇ ಕ್ಯಾಸ್ಟರ್ ಅನ್ನುತ್ತಾರೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆ ಇರುತ್ತದಲ್ಲ, ಹಾಗೆ. ಆ ಓರೆ ಹೋದರೆ ಸ್ಟೀರಿಂಗ್‌ಗೆ ವಾಪಸ್ ಬರುವ ಮನಸ್ಸೇ ಇರುವುದಿಲ್ಲ, ಜೋರಾಗಿ ಓಡಿಸಿದರೆ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಬರೀ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಅಲ್ಲ, ಕ್ಯಾಸ್ಟರ್ ಅಳೆಯಿರಿ ಅಂತ ಕೇಳಿ. ಕಡಿಮೆ ಇದ್ದರೆ ಹಳೆಯ ಶ್ಯಾಕಲ್ ಹಾಕಿ. ಇಲ್ಲಾ ಪಾಟಾ ಮತ್ತು ಆಕ್ಸಲ್ ನಡುವೆ ಓರೆ ಪಟ್ಟಿ ಕೊಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಹಳೆಯ ಶ್ಯಾಕಲ್ಲೇ ಒಳ್ಳೆಯದು.

ಭೀಮಾದಂಡೆ, ಜೇವರ್ಗಿ

ಹೊಸ ಪೈಪ್ ಹಾಕಿದ ಮೇಲೆ ಗಾಳಿ ತೆಗೆಯುವುದು ಹೇಗೆ, ಯಾರಾದರೂ ಸರಿಯಾಗಿ ಬರೆಯಿರಿ. ನಮ್ಮಲ್ಲಿ ಎಣ್ಣೆ ತುಂಬಿ ಎಂಜಿನ್ ಶುರು ಮಾಡಿ ಸುಮ್ನೆ ಗರಗರ ತಿರುಗಿಸುತ್ತಾರೆ.

ಲೇತ್‌ಕೆಲಸ, ಕಪನೂರ

ಹಾಗೆ ಮಾಡಿದರೆ ಇದ್ದ ಗಾಳಿಯನ್ನು ಪಂಪ್ ಕಡೆದು ನೊರೆ ಮಾಡುತ್ತದೆ. ಮುಂದಿನ ಚಕ್ರ ಮೇಲೆತ್ತಿ, ಎಂಜಿನ್ ಆಫ್ ಇರಲಿ. ಡಬ್ಬಿ ತುಂಬಿ ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ನಿಧಾನ ಇಪ್ಪತ್ತು ಸಲ ತಿರುಗಿಸಿ. ಒಬ್ಬರು ಡಬ್ಬಿ ಹತ್ತಿರ ನಿಂತು ಎಣ್ಣೆ ಇಳಿದಂತೆ ಸುರಿಯುತ್ತಿರಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ, ಮತ್ತೆ ನಿಧಾನ ನಾಲ್ಕೈದು ಸಲ. ತುದಿಗೆ ಹೋದಾಗ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ. ಅಲ್ಲಿ ಎಣ್ಣೆಗೆ ಮುಂದೆ ಹೋಗಲು ದಾರಿ ಇರುವುದಿಲ್ಲ. ಪೂರ್ತಿ ಒತ್ತಡ ಪಂಪ್ ಮೇಲೇ ಬಿದ್ದು ಎಣ್ಣೆ ಕುದಿಯುವಷ್ಟು ಬಿಸಿ ಆಗುತ್ತದೆ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಗಾಡಿ ತಿರುಗಿಸುವವರು ತುದಿಯಲ್ಲೇ ಹಿಡಿದು ನಿಂತಿರುತ್ತಾರೆ. ಆಗ ಪಂಪ್ ಕೂಗುವುದು ಕೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ.

ಎರಿಹೊಲ, ಕಲಬುರಗಿ

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ.

ಎಣ್ಣೆಗೆ ತಡೆಯುವ ಪೈಪ್ ಹಾಕಿದೆ. ಸೈಲೆನ್ಸರ್‌ನಿಂದ ದೂರ, ಬ್ಯಾಟರಿ ಕಡೆಯಿಂದ ತಿರುಗಿಸಿ ತಂದಿದ್ದೇನೆ. ಡಬ್ಬಿಯನ್ನು ಪಂಪ್‌ಗಿಂತ ಒಂದು ಗೇಣು ಮೇಲೆ ಕೂರಿಸಿದೆ. ಹಳೆಯ ಎಣ್ಣೆ ಪೂರ್ತಿ ತೆಗೆದು ಹೊಸದು ಹಾಕಿದೆ. ಕೆಳಗಿನ ಜಾಯಿಂಟ್ ಹೊಸದು, ಕವೆ ಎರಡೂ ಒಂದೇ ಸಾಲಿಗೆ ತಂದೆ. ಕಿಂಗ್ ಪಿನ್‌ಗೆ ಅಜ್ಜಾರು ಹೇಳಿದ ಹಾಗೆ ಡೀಸೆಲ್ ಬಿಟ್ಟು, ಮರುದಿನ ಗ್ರೀಸ್. ಮೊದಲ ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಟಪ್ ಅಂತ ಸದ್ದಾಗಿ ಕಪ್ಪು ಗ್ರೀಸ್ ಹೊರಗೆ ಬಂತು, ಅದರ ಹಿಂದೆಯೇ ಮಣ್ಣಿನ ಬಣ್ಣದ ನೀರು. ಚಕ್ರ ತಿರುಗಿಸುತ್ತಿದ್ದ ನನ್ನ ಮಗ ಕೂಗಿಯೇಬಿಟ್ಟ.

ಎಲ್ಲಾ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. ಬಾಕ್ಸ್ ಮುಟ್ಟಲಿಲ್ಲ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ನೆತ್ತಿ ಸುಡುವಾಗ ಬೇಕಂತಲೇ ಅಪ್ಪನನ್ನು ಕರೆದುಕೊಂಡು ಹೊರಟೆ. ಜೇವರ್ಗಿ ತನಕ ಅವರೇ ಓಡಿಸಿದರು. ಭೀಮಾ ಸೇತುವೆ ದಾಟಿ ನಿಲ್ಲಿಸಿ ಡಬ್ಬಿ ನೋಡಿದೆ. ಕೆಂಪು ಎಣ್ಣೆ, ಒಂದು ಗುಳ್ಳೆ ಇಲ್ಲ. ವಾಪಸ್ ತಿರುಗಿಸುವಾಗ ಅಪ್ಪ ಬಲಗೈ ತೊಡೆ ಮೇಲೆ ಇಟ್ಟುಕೊಂಡು ಎಡಗೈಯಲ್ಲೇ ತಿರುಗಿಸಿದರು. ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅವ್ವನಿಗೆ "ನಾಳೆ ಹೊಲಕ್ಕೆ ನಾನು ಹೋಗತೀನಿ" ಅಂದರು.

ಒಂದು ಉಳಿದಿದೆ. ಸ್ಟೀರಿಂಗ್ ಮುಕ್ಕಾಲು ಪಾಲು ತಾನಾಗಿ ವಾಪಸ್ ಬರುತ್ತದೆ, ಕೊನೆಯ ಸ್ವಲ್ಪ ಬರುವುದಿಲ್ಲ. ಕ್ಯಾಸ್ಟರ್ ಅಳೆಸಿದೆ. ಬಲಗಡೆ ಒಂದೂವರೆ ಡಿಗ್ರಿ, ಎಡಗಡೆ ಒಂದು ಡಿಗ್ರಿ.

ಪಾನಾಪೆಟ್ಟಿಗೆ, ಹುಮನಾಬಾದ್

ಅದು ಶ್ಯಾಕಲ್ಲೇ. ಹಳೆಯ ಶ್ಯಾಕಲ್ ಇಟ್ಟುಕೊಂಡಿದ್ದೀರಾ? ಎಡ ಬಲ ಬೇರೆ ಬೇರೆ ಇರುವುದಕ್ಕೆ ಪಾಟಾದ ಬುಶ್ ಕೂಡ ನೋಡಿ.

ಎರಿಹೊಲ, ಕಲಬುರಗಿ

ಇದೆ. ಜೋಳದ ಕಣಜದ ಹಿಂದೆ ಗೋಣಿಯಲ್ಲಿ ಸುತ್ತಿ ಅಪ್ಪ ಎತ್ತಿಟ್ಟಿದ್ದರು. ಬುಶ್ ಹೊಸದು ತರಬೇಕು.

ಟೈರ್‌ಬಂಡಿ, ಆಳಂದ

ಹಳೆಯ ಶ್ಯಾಕಲ್ ಹಾಕಿದರೆ ಈಗಿನ ಟೈರ್ ತಗುಲಬಹುದು. ನನ್ನ ಹತ್ತಿರ 6.00-16 ಡಿಸ್ಕ್ (ಟೈರ್ ಕೂರುವ ರಿಮ್) ನಾಲ್ಕು ಇವೆ, ನೆಟ್ಟಗಿವೆ. ಬೇಕಾದರೆ ಹೇಳಿ, ಶುಕ್ರವಾರ ಕಲಬುರಗಿಗೆ ಬರುವವನಿದ್ದೇನೆ. ಮತ್ತೆ ಆ ಮೂರು ಗಾಡಿಗಳಲ್ಲಿ ಎರಡು ಬಂದವು. ಒಂದರ ಲಿಂಕ್ ಪೇಂಟ್ ಕೆರೆದಾಗ ವೆಲ್ಡ್ ಪಕ್ಕದಲ್ಲಿ ಗೆರೆ ಕಂಡಿತು. ಗಾಡಿ ಅಂಗಡಿಯಲ್ಲೇ ನಿಲ್ಲಿಸಿಕೊಂಡಿದ್ದೇನೆ. ಚೂಡಿ ಲಿಂಕ್ ಯಾವ ಅಳತೆ ತರಬೇಕು, ಲೇತ್‌ಕೆಲಸ ಅವರೇ?

ಲೇತ್‌ಕೆಲಸ, ಕಪನೂರ

ಬಾಲ್ ಜಾಯಿಂಟ್‌ನ ನಡುವಿನಿಂದ ನಡುವಿಗೆ ಅಳೆಯಿರಿ, ಚಕ್ರ ನೇರ ಇಟ್ಟು, ಸ್ಟೀರಿಂಗ್ ನಡುವೆ ಇಟ್ಟು. ಆ ಲಿಂಕ್ ಕೂಡ ತನ್ನಿ, ಶುಕ್ರವಾರ ಅಂಗಡಿಯಲ್ಲೇ ಇರುತ್ತೇನೆ.